ಒಡಲೊಳಗಿನ ಒರತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಾದ ನಮಗೆ ಒರತೆಯೆಂದರೇನೆಂಬುದನ್ನು ಯಾರೂ ಕಲಿಸಬೇಕಾದುದಿಲ್ಲ. ಬೇಸಗೆಯಲ್ಲಿ ಹಳ್ಳವು ಬತ್ತಿರುವಾಗ ಮರಳನ್ನು ತೋಡಿ ತುಸು ತಾಳಿದರೆ ತಿಳಿನೀರು ಒಸರುವುದು, ಮರಳು ಹಿಂದುಳಿಯುವುದು. ವೈದ್ಯಸಂಶೋಧಕರು ಜೀವಂತ ದೇಹದ ಅಂಗಾಂಶದಲ್ಲಿಯೂ ಇಂಥದೊಂದು ಒರತೆಯನ್ನು ತೋಡಬಲ್ಲರೆಂಬುದನ್ನು ಸಹೋದರಿಯರಿಗೆ ತಿಳಿಸಬಯಸುತ್ತೇವೆ.

ಈ ವಿಧಾನಕ್ಕೆ ಮೈಕ್ರೋಡಯಾಲಿಸಿಸ್ ಎಂದು ಹೆಸರು. 1974ರಲ್ಲಿ ಸ್ವೀಡನ್ ದೇಶದ ಊರ್ಬನ್ ಉಂಗರ್‌ಸ್ಟೆಡ್ ಎಂಬವರು ಸಹಕಾರಿಯೊಡನೆ ಇಲಿಯ ಮಿದುಳಿನಲ್ಲಿ ಟೊಳ್ಳಾದ ಎಳೆಯೊಂದನ್ನು ಇಟ್ಟು ಇದನ್ನು ಬೆಳಕಿಗೆ ತಂದರು. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಆ ನಳಿಕೆಯ ತುದಿಯು ಸೂಕ್ಷ್ಮರಂಧ್ರಗಳುಳ್ಳ ಪೊರೆಯಿಂದಾದುದು. ಒಳಗೆ ಲವಣದ್ರವವನ್ನು ಮೆಲ್ಲನೆ ಹರಿಸುತ್ತಾರೆ. ನಮ್ಮ ಒರತೆಗೂ ಇದಕ್ಕೂ ಒಂದು ಭೇದವುಂಟು: ಅಲ್ಲಿ ನೀರೇ ಒಸರುತ್ತದೆ, ಇಲ್ಲಿ ನೀರಿನಲ್ಲಿ ಕರಗಿದ ಕಿರಿಯ ಕಣಗಳು ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ದಾಟುತ್ತವೆ. ದೊಡ್ಡ ಪ್ರೋಟೀನುಗಳು ಹೊರಗುಳಿಯುತ್ತವೆ. ನಿಮಿಷಕ್ಕೆ ಒಂದು ಮೈಕ್ರೋಲೀಟರಿನಂತೆ ಹರಿಸಿದರೆ ದೊರೆಯುವುದು ಗಂಟೆಗೆ ಸುಮಾರು ಒಂದೇ ಹನಿ. ಆ ಹನಿಯೊಳಗೆ ಗ್ಲೂಕೋಸ್, ಲ್ಯಾಕ್ಟೇಟ್ ಮುಂತಾದವುಗಳನ್ನು ಅಳೆಯುತ್ತಾರೆ.

ಇಷ್ಟು ಪ್ರಯಾಸವೇಕೆಂದರೆ, ರಕ್ತವು ಎಲ್ಲವನ್ನೂ ಹೇಳಲಾರದು. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದವನ ರಕ್ತದಲ್ಲಿ ಸಕ್ಕರೆಯು ಸಾಕಷ್ಟಿದ್ದರೂ ಮಿದುಳು ಹಸಿದಿರಬಹುದು. ನೊಂದ ಸ್ಥಳವನ್ನೇ ವಿಚಾರಿಸಬೇಕು. ಹೊರಗೆ ಲಕ್ಷಣ ಕಾಣುವ ಮೊದಲೇ ವಿಚಾರಿಸಬೇಕು.

ಈ ಮಾತು ನಮ್ಮ ಸೀಮೆಗೂ ಸಲ್ಲುತ್ತದೆ. ಇಲ್ಲಿಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ, ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂಬುದು ನಿಯಮ. ಅದು ಕಣ್ಣಿಗೆ ಕಾಣದು, ಕುದಿಸಿದರೂ ಹೋಗದು. ಎಳೆಯ ಪ್ರಾಯದಲ್ಲಿ ಹಲ್ಲು ರೂಪುಗೊಳ್ಳುವಾಗಲೇ ತನ್ನ ಗುರುತನ್ನು ಒತ್ತಿಬಿಡುತ್ತದೆ. ಕಂದು ಕಲೆಯು ನಮಗೆ ತೋರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ವರುಷಗಟ್ಟಲೆ ಕುಡಿದವರ ಎಲುಬು, ಕೀಲುಗಳೂ ಬಿಗಿಯುವವು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಬಾಯಿಗೆ ಸೆರಗನ್ನು ಅಡ್ಡ ಹಿಡಿದು ನಗುವುದು ನಾಚಿಕೆಯ ಸ್ವಭಾವದಿಂದಲ್ಲ. ಆ ಕಲೆಯ ಸಂಕೋಚದಿಂದ.

ಅವರಿಗೆ ಸ್ವೀಡನ್ನಿನ ನಳಿಕೆಯು ಬೇಕಾಗಿಲ್ಲ. ಮಗುವು ಹುಟ್ಟಿದ ಮನೆಯವರು ತಮ್ಮ ಬಾವಿಯ ನೀರನ್ನು ಒಂದು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟರೆ ಸಾಕು. ದೋಷವಿದ್ದರೆ ಆ ಮಗುವಿಗೆ ಬೇರೆ ನೀರನ್ನು ಒದಗಿಸಬಹುದು. ಬಾಯಾರಿದವರಿಗೆ ತಣ್ಣೀರು ಕೊಡುವುದು ಸತ್ಕಾರ್ಯವೆಂದು ಶಾಲೆಯಲ್ಲಿ ಕಲಿತವರು ನಾವು. ಆ ನೀರು ನಿರಪಾಯವಾದುದೋ ಎಂದು ವಿಚಾರಿಸುವುದೂ ಅದೇ ಸೇವೆಯ ಅರ್ಧಭಾಗವೆಂದು ತಿಳಿಯುತ್ತೇವೆ.