ಹೊಳೆಯ ಆಚೆ ಪರದೇಶ

ಆಳಂದ ದಾಟಿ ಹಿರೋಳಿ ಕಡೆಗೆ ಹೊರಟಾಗ ನಾನು ಗಡಿ ಹುಡುಕುತ್ತಿದ್ದೆ. ಇಂದಿನ ಕರ್ನಾಟಕ–ಮಹಾರಾಷ್ಟ್ರ ಗಡಿಯನ್ನಲ್ಲ, 1948ರ ಸೆಪ್ಟೆಂಬರ್‌ವರೆಗೆ ಇಲ್ಲೇ ಹಾದುಹೋಗಿದ್ದ ಎರಡು ದೇಶಗಳ ಗಡಿಯನ್ನು. ಈಚೆಗೆ ನಿಜಾಮನ ಹೈದರಾಬಾದು, ಆಚೆಗೆ ಸ್ವತಂತ್ರ ಭಾರತ. ಹಿರೋಳಿ ಮುಗಿದು ವಾಗ್ದರಿ ಬಂದರೂ ಅದೇ ಎರೆಹೊಲ, ಅದೇ ತೊಗರಿ. ಬೋರ್ಡುಗಳು ಮರಾಠಿಯಾದವು, ಚಹಾದಂಗಡಿಯ ಮಾತು ಮಾತ್ರ ಕನ್ನಡವಾಗೇ ಉಳಿಯಿತು. ಇಷ್ಟು ದೂರ ನಡೆದರೆ ಪರದೇಶ! ಅದನ್ನು ನಂಬಲು ನನಗೆ ಇಡೀ ಮಧ್ಯಾಹ್ನ ಬೇಕಾಯಿತು.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆಗಿನ ಗುಲಬರ್ಗಾ ಜಿಲ್ಲೆಯ ಪಡುವಣ ಅಂಚು. ಆಳಂದದವರು ಹೊಲದ ಬದು ದಾಟಿದರೆ ಅಕ್ಕಲಕೋಟೆ ಸೀಮೆ. ಅಫಜಲಪುರದವರಿಗೆ ನಡುವೆ ಭೀಮಾ ಹೊಳೆ. ಜೇವರ್ಗಿಯವರು ಪಡುವಣಕ್ಕೆ ನಡೆದರೆ ಸಿಂದಗಿ. ಈಚೆ ನಿಜಾಮನ ಹಾಲಿ ಸಿಕ್ಕಾ, ಆಚೆ ಕಲ್ದಾರ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ನಿಜಾಮನ ಪರ ನಿಂತ ಸಶಸ್ತ್ರ ರಜಾಕಾರರ ಹಾವಳಿಗೆ ಊರುಗಳು ಉರಿಯತೊಡಗಿದಾಗ ಮಂದಿ ರಾತ್ರೋರಾತ್ರಿ ಆ ಆರು ರೂಪಾಯಿಯ ದೇಶಕ್ಕೆ ಓಡಿದರು. ಬಗಲಲ್ಲಿ ಮಕ್ಕಳಿದ್ದರು.

ಅಫಜಲಪುರ ತಾಲೂಕಿನ ಘತ್ತರಗಿಯಲ್ಲಿ ಭಾಗ್ಯವಂತಿಯ ಗುಡಿ ನೋಡಿಕೊಂಡು ಭೀಮಾ ಹೊಳೆದಂಡೆಗೆ ಬಂದೆ. ಕಟ್ಟೆಯ ಮೇಲೆ ಧೋತರ, ಪಟಗಾದ ಹಿರಿಯರೊಬ್ಬರು ಕೂತಿದ್ದರು. ಮಾತಿಗೆ ಎಳೆದೆ.

“ನಾ ಭಾಳ ಸಣ್ಣಾಂವ ಆಗ, ತಮ್ಮಾ. ಬ್ಯಾಸಗಿ ದಿನ, ಹೊಳ್ಯಾಗ ಮೊಣಕಾಲ ಮಟ ನೀರು. ಅಳಬಾರದಂತ ನಮ್ಮವ್ವ ನನ್ನ ಬಾಯಿ ಮುಚ್ಚಿ ಹಿಡದಿದ್ಲು. ಆಚೀ ದಂಡಿ ಮುಟ್ಟಿದ ಮ್ಯಾಲೇ ಕೈ ತಗದ್ಲು.”

“ಆಚೀ ಕಡಿ ಮಂದಿ ಏನಂದ್ರು, ಮುತ್ಯಾ?”

“ಏನಂತಾರ? ಮೊರಟಗ್ಯಾಗ ಒಂದು ಮನ್ಯಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ ಕೊಟ್ರು. ಎಷ್ಟು ದಿನ ಇರ್ತೀರಿ ಅಂತ ಕೇಳಲಿಲ್ಲ.”

ಹೊಳೆ ನೋಡಿದೆ. ಆಚೆ ದಂಡೆಯಲ್ಲಿ ಎಮ್ಮೆ ಮೈತೊಳೆಯುತ್ತಿದ್ದ ಹುಡುಗನ ಕೂಗು ಇಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಜಗತ್ತಿನಲ್ಲಿ ಯುದ್ಧಕ್ಕೆ ಹೆದರಿ ಸಮುದ್ರ ದಾಟಿದ ಮಕ್ಕಳ ಕಥೆ ಓದಿದ್ದೇನೆ. ಕಾಣದ ಭಾಷೆ, ಕಾಣದ ಅನ್ನ. ಇಲ್ಲಿನ ಮಗು ತನ್ನದೇ ಭಾಷೆಯ ಪರದೇಶಕ್ಕೆ ಹೋಗಿ, ತನ್ನದೇ ಮನೆಯ ರೊಟ್ಟಿಯನ್ನೇ ತಿಂದಿತು. ಆದರೂ ಅವ್ವನ ಕೈಯ ಬಿಗಿತ ಎಂಬತ್ತು ದಾಟಿದ ಆ ಮುಖದಲ್ಲಿ ಇನ್ನೂ ಇತ್ತು.

ಎಲ್ಲರ ಅವ್ವಂದಿರೂ ದಾಟಲಿಲ್ಲ. ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ 1948ರಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ಮನೆಯೊಳಗೇ ತಾಯಿ, ತಂಗಿಯನ್ನು ಕಳೆದುಕೊಂಡು, ತಂದೆಯ ಜೊತೆ ಉಳಿದ ಬಾಲಕ ಕೊನೆಗೆ ಕಲಬುರಗಿಗೆ ಬಂದು ನೆಲೆಸಿದ. ನೂತನ ವಿದ್ಯಾಲಯದಲ್ಲಿ ಓದಿದ ಆ ಬಾಲಕನೇ ಮಲ್ಲಿಕಾರ್ಜುನ ಖರ್ಗೆ. ಬಸವಕಲ್ಯಾಣ ಸೀಮೆಯ ಗೋರಟಾದಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ನಡೆದ ಕೊಲೆಗಳನ್ನು ಈ ಭಾಗದ ಜನ ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ.

“ಪೊಲೀಸ್ ಆ್ಯಕ್ಷನ್ ಆದ ಮ್ಯಾಲೆ ವಾಪಸ್ ಬಂದ್ವಿ,” ಎಂದರು ಮುತ್ಯಾ. “ಹಗೇವಿನ್ಯಾಗಿನ ಜ್ವಾಳ ಇರಲಿಲ್ಲ. ಬಾಜೂ ಮನಿ ಸಾಬರ ಹುಡುಗನೂ ಇರಲಿಲ್ಲ. ನನ್ನ ಜೋಡಿ ಗೋಲಿ ಆಡಾಂವ.”

ನಾನು ಕೇಳದೆಯೇ ಬಂದ ಈ ಮಾತನ್ನು ಬಿಟ್ಟು ಈ ಪ್ರವಾಸವನ್ನು ಬರೆಯಲಾರೆ. ಪೊಲೀಸ್ ಆ್ಯಕ್ಷನ್ ಎಂಬ ಹೆಸರಲ್ಲಿ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮ ಶರಣಾದ. ಆ ದಿನವನ್ನು ನಾವು ಧ್ವಜ ಏರಿಸಿ ಆಚರಿಸುತ್ತೇವೆ, ಆಚರಿಸಬೇಕಾದದ್ದೇ. ಆದರೆ ಆಮೇಲಿನ ವಾರಗಳಲ್ಲಿ ಸೇಡಿಗೆ ಬಲಿಯಾದದ್ದು ರಜಾಕಾರರಲ್ಲದ ಸಾವಿರಾರು ಮುಸ್ಲಿಮರು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರನ್ನು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಎಣಿಸಿದ್ದು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಹೈದರಾಬಾದ್ ಸಂಸ್ಥಾನ ಬಿಟ್ಟು ಹೋದ ಎಷ್ಟೋ ಕುಟುಂಬಗಳು ಕರಾಚಿ ಸೇರಿದವು. ಅಲ್ಲಿ ಹೈದರಾಬಾದ್ ಕಾಲೊನಿ ಎಂಬ ಬಡಾವಣೆಯೇ ಇದೆ. ಅಲ್ಲಿಗೆ ಹೋದ ಮಕ್ಕಳಿಗೆ ವಾಪಸ್ ಬರಲು ಮೊಣಕಾಲ ನೀರಿನ ಹೊಳೆ ಇರಲಿಲ್ಲ. ಗೋಲಿ ಆಡುತ್ತಿದ್ದ ಆ ಹುಡುಗ ಸತ್ತನೋ, ಕರಾಚಿಯಲ್ಲಿ ಮುತ್ಯಾ ಆದನೋ ಇವರಿಗೆ ತಿಳಿಯದು. ಹೆಸರು ಮಾತ್ರ ನೆನಪಿದೆ, ಎರಡು ಸಲ ಹೇಳಿದರು.

ಮರುದಿನ ಜೇವರ್ಗಿಯಿಂದ ಸಿಂದಗಿ ಬಸ್ಸು ಹತ್ತಿದೆ. ಹೈದರಾಬಾದ್ ವಿಮೋಚನೆಯ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು 1903ರಲ್ಲಿ ಹುಟ್ಟಿದ್ದು ಆ ಸಿಂದಗಿಯಲ್ಲೇ. 1952ರಲ್ಲಿ ಸಂಸತ್ತಿಗೆ ಹೋದದ್ದು ಗುಲಬರ್ಗಾದಿಂದ. ಗಡಿಯ ಎರಡೂ ಮಗ್ಗುಲು ಅವರವೇ. ನಾನು ಸಿಂದಗಿವರೆಗೆ ಹೋಗಲಿಲ್ಲ. ಮೊರಟಗಿಯಲ್ಲಿ ಇಳಿದು, ಎಷ್ಟು ದಿನ ಇರ್ತೀರಿ ಎಂದು ಕೇಳದಿದ್ದ ಮನೆ ಯಾವುದೆಂದು ವಿಚಾರಿಸುತ್ತ ಊರೊಳಗೆ ನಡೆದೆ.