ದನಿ ಮೊದಲು ಬಂತು, ಮುಖ ಆಮೇಲೆ

1966. ಡೆಟ್ರಾಯಿಟ್‌ನ ಒಲಿಂಪಿಯಾ ಕ್ರೀಡಾಂಗಣ. ರೆಡ್ ವಿಂಗ್ಸ್ ತಂಡ ಐಸ್ ಹಾಕಿ ಆಡುವ ಈ ಜಾಗದಲ್ಲಿ ಇವತ್ತು ಕಂಟ್ರಿ ಸಂಗೀತ. ಹತ್ತು ಸಾವಿರ ಜನ ಸೇರಿದ್ದಾರೆ, ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಕಾರು ಕಾರ್ಖಾನೆಗಳಲ್ಲಿ ದುಡಿಯಲೆಂದು ದಕ್ಷಿಣದ ರಾಜ್ಯಗಳಿಂದ ಎಷ್ಟೋ ಕುಟುಂಬಗಳು ಈ ನಗರಕ್ಕೆ ಬಂದಿವೆ. ಊರು ಬಿಟ್ಟವರು ಊರಿನ ಹಾಡು ಬಿಟ್ಟಿಲ್ಲ.

ಹೆಸರು ಕೂಗುತ್ತಾರೆ: ಚಾರ್ಲಿ ಪ್ರೈಡ್! ಚಪ್ಪಾಳೆ ಭೋರ್ಗರೆಯುತ್ತದೆ. ಈ ದನಿಯನ್ನು ಜನ ರೇಡಿಯೊದಲ್ಲಿ ಕೇಳಿದ್ದಾರೆ, ಮೆಚ್ಚಿದ್ದಾರೆ.

ಗಾಯಕ ದೀಪದ ಬೆಳಕಿಗೆ ಬರುತ್ತಾನೆ. ಚಪ್ಪಾಳೆ ಕುಸಿಯುತ್ತದೆ. ನಿಮ್ಮ ಅಕ್ಕಪಕ್ಕದವರು ಕೈ ಹಾಗೇ ಹಿಡಿದು ನೋಡುತ್ತಿದ್ದಾರೆ. ವೇದಿಕೆಯ ಮೇಲೆ ನಿಂತಿರುವಾತ ಕಪ್ಪು ಮನುಷ್ಯ.

ಇವರಿಗೆ ಗೊತ್ತಿರಲಿಲ್ಲ. ಆರ್‌ಸಿಎ ರೆಕಾರ್ಡ್ ಕಂಪನಿ ಆತನ ಮೊದಲ ಹಾಡುಗಳನ್ನು ರೇಡಿಯೊ ಕೇಂದ್ರಗಳಿಗೆ ಫೋಟೊ ಇಲ್ಲದೆಯೇ ಕಳಿಸಿತ್ತು. ಅದಕ್ಕೂ ಮೊದಲು ನಿರ್ಮಾಪಕ ಚೆಟ್ ಆಟ್ಕಿನ್ಸ್ ತಮ್ಮ ಕಂಪನಿಯ ದೊಡ್ಡವರಿಗೇ ಟೇಪು ಕೇಳಿಸಿ, ಹಾಡಿದವರು ಯಾರೆಂದು ಆಮೇಲೆ ಹೇಳಿದ್ದರು. ಆದರೆ ಇದೇ ವರ್ಷ ಬಂದ ಆತನ ಚೊಚ್ಚಲ ಆಲ್ಬಮ್ ‘ಕಂಟ್ರಿ ಚಾರ್ಲಿ ಪ್ರೈಡ್’ ಮುಚ್ಚುಮರೆ ಮಾಡಲಿಲ್ಲ. ಹೊದಿಕೆಯ ಮೇಲೆ ಆತನ ಮುಖವೇ ಇದೆ.

ಮಿಸಿಸಿಪಿಯ ಸ್ಲೆಡ್ಜ್‌ನಲ್ಲಿ ಗೇಣಿ ರೈತನ ಹನ್ನೊಂದು ಮಕ್ಕಳಲ್ಲಿ ಒಬ್ಬನಾಗಿ ಹತ್ತಿ ಬಿಡಿಸುತ್ತ ಬೆಳೆದ ಹುಡುಗ ಈತ. ಶನಿವಾರ ರಾತ್ರಿ ಅಪ್ಪ ಫಿಲ್ಕೊ ರೇಡಿಯೊದಲ್ಲಿ ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಆಪ್ರಿ’ ಹಚ್ಚುತ್ತಿದ್ದರು. ಮುಂದೆ ಬೇಸ್‌ಬಾಲ್ ಆಡಿದ, ಮೊಂಟಾನಾದಲ್ಲಿ ಅದಿರು ಕರಗಿಸುವ ಕುಲುಮೆಯಲ್ಲಿ ದುಡಿದ, ಹಾಡುವುದನ್ನು ಬಿಡಲಿಲ್ಲ. ಆಲ್ಬಮ್ಮಿನಲ್ಲಿ ‘ಡೆಟ್ರಾಯಿಟ್ ಸಿಟಿ’ ಎಂಬ ಹಾಡಿದೆ: ಹಗಲು ಕಾರು ಜೋಡಿಸಿ, ರಾತ್ರಿ ದಕ್ಷಿಣದ ಹತ್ತಿ ಹೊಲಗಳನ್ನು ನೆನೆದು ಕೊರಗುವ ವಲಸಿಗನ ಕಥೆ. ಈ ಸಭಾಂಗಣದಲ್ಲಿ ಕೂತವರ ಕಥೆ. ಆ ಹೊಲಗಳ ಬಿಸಿಲು ಚಾರ್ಲಿಗೂ ಗೊತ್ತು.

ಈಗ ಆತ ಮೈಕಿನ ಮುಂದೆ ನಗುತ್ತಾನೆ. ಎಂದೂ ಅಳಿಯದ ಬಿಸಿಲ ಬಣ್ಣ ಮೈಗೆ ಹತ್ತಿದ ತನ್ನಂಥವನನ್ನು ಕಂಟ್ರಿ ವೇದಿಕೆಯಲ್ಲಿ ಕಾಣುವುದು ವಿಶೇಷವೇ ಎಂದು ತಾನಾಗಿ ಹೇಳುತ್ತಾನೆ. ಜನ ನಗುತ್ತಾರೆ, ಚಪ್ಪಾಳೆ ಮತ್ತೆ ಏಳುತ್ತದೆ. ಆಮೇಲೆ ಹಾಡು. ತುಂಬು ಕಂಠ, ಪ್ರತಿ ಪದವೂ ಸ್ಪಷ್ಟ. ಕೇಳುತ್ತ ಹೋದಂತೆ ಮುಖ ಯಾವುದು, ದನಿ ಯಾವುದು ಎಂದು ಬೇರ್ಪಡಿಸಲು ನಿಮಗೂ ಆಗುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹಸ್ತಾಕ್ಷರಕ್ಕಾಗಿ ಜನ ಆತನನ್ನು ಮುತ್ತುತ್ತಾರೆ.

1967ರ ಜನವರಿ 7ರಂದು ಆತ, ಅಪ್ಪನ ರೇಡಿಯೊದಲ್ಲಿ ಕೇಳಿದ ಅದೇ ಆಪ್ರಿಯಲ್ಲಿ ಹಾಡಿದ. 1971ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಆತನನ್ನು ವರ್ಷದ ಶ್ರೇಷ್ಠ ಕಲಾವಿದನೆಂದು ಗೌರವಿಸಿತು. ಗೆದ್ದದ್ದು ಪರರ ಮನೆಯ ಸಂಗೀತದಲ್ಲಲ್ಲ. ಕಂಟ್ರಿಯ ಬೆನ್ನೆಲುಬಾದ ಬ್ಯಾಂಜೊ ವಾದ್ಯದ ಬೇರು ಇರುವುದೇ ಆಫ್ರಿಕಾದಲ್ಲಿ. ಗುಲಾಮರಾಗಿ ಬಂದವರು ಅದನ್ನು ಅಮೆರಿಕದಲ್ಲಿ ಉಳಿಸಿದರು. ಹಾಡಿನ ಮೇಲೆ ಆತನ ಹಕ್ಕು ಮೊದಲಿನಿಂದಲೂ ಇತ್ತು. ಅದನ್ನು ಒಪ್ಪಬೇಕಾದವರು ಕೇಳುಗರು. ಡೆಟ್ರಾಯಿಟ್‌ನ ಜನ ಒಂದೇ ರಾತ್ರಿಯಲ್ಲಿ ಒಪ್ಪಿದರು.