ರಾಯರು ಲ್ಯಾಪ್‌ಟಾಪ್ ಕೊಂಡದ್ದು

ರಾಯರ ಮನೆಗೆ ಯಾವ ಪದಾರ್ಥವೂ ಅವಸರದಲ್ಲಿ ಬಂದದ್ದಿಲ್ಲ. ಮಿಕ್ಸಿಗೆ ಮೂರು ತಿಂಗಳು, ಫ್ರಿಜ್ಜಿಗೆ ಒಂದು ವರ್ಷ ಹಿಡಿದಿತ್ತು. ಅಂಗಡಿಯವನು ಪದಾರ್ಥದ ಗುಣಗಾನ ಮಾಡುತ್ತಿರುವಾಗ ರಾಯರು ಅದನ್ನು ಬೋರಲು ಹಾಕಿ, ತಳದಲ್ಲಿ ಅಂಟಿಸಿದ ಪಟ್ಟಿಯ ಮೇಲೆ ಎಷ್ಟು ವ್ಯಾಟ್, ಎಷ್ಟು ಆಂಪಿಯರ್ ಎಂದು ಬರೆದಿರುವುದನ್ನು ಕನ್ನಡಕ ಏರಿಸಿಕೊಂಡು ಓದುತ್ತಿದ್ದರು. 1986ರಲ್ಲಿ ವಿದ್ಯುತ್ ಮಂಡಳಿಗೆ ಸೇರಿ, ಮಂಡಳಿಯು ಕಂಪನಿಗಳಾಗಿ ಒಡೆದ ಮೇಲೂ ಅಲ್ಲಿಯೇ ದುಡಿದು, 2023ರಲ್ಲಿ ನಿವೃತ್ತರಾದವರಿಗೆ ಈ ಅಭ್ಯಾಸ ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಅವರ ಬಾಯಲ್ಲಿ ಅದು ಕಡೆಯವರೆಗೂ 'ಬೋರ್ಡು' ಆಗಿಯೇ ಉಳಿಯಿತು.

ಅಂತಹವರ ಮಗ, ಮದುವೆಯಾಗಿ ಹದಿಮೂರು ವರ್ಷಗಳ ಮೇಲೆ ಹುಟ್ಟಿದ ಒಬ್ಬನೇ ಮಗ, 2024ರ ಮಳೆಗಾಲದಲ್ಲಿ ತನಗೊಂದು ಲ್ಯಾಪ್‌ಟಾಪ್ ಬೇಕೆಂದನು. ಮಂಗಳೂರಿನ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಅವನಿಗೆ ಸೀಟು ಸಿಕ್ಕಿತ್ತು. ಬೇಡಿಕೆಯೇನೋ ನ್ಯಾಯವಾದದ್ದೇ. ಆದರೆ ಅವನು ಕೇಳಿದ್ದು ದೊಡ್ಡ ದೊಡ್ಡ ಆಟಗಳನ್ನು ಆಡಬಲ್ಲ ಲ್ಯಾಪ್‌ಟಾಪನ್ನು. ಬೆಲೆ ಲಕ್ಷಕ್ಕೆ ಮೇಲೆ.

"ಓದೋದಕ್ಕೆ ಇಷ್ಟು ದುಡ್ಡಿನದು ಬೇಕೇನೋ?" ಎಂದು ರಾಯರು ಕೇಳಿದರು.

"ಓದೋದಕ್ಕೆ ಐವತ್ತು ಸಾವಿರದ್ದು ಸಾಕಪ್ಪ. ಉಳಿದಿದ್ದು ಆಟಕ್ಕೇ. ನಿಮ್ಮ ಹತ್ರ ಸುಳ್ಳು ಹೇಳಲ್ಲ."

ಇಂತಹ ಪ್ರಾಮಾಣಿಕತೆಯ ಎದುರು ಯಾವ ತಂದೆಯೂ ಕೊಂಚ ತಬ್ಬಿಬ್ಬಾಗುತ್ತಾನೆ. ರಾಯರು ಉತ್ತರ ಹುಡುಕುತ್ತಿರುವಾಗಲೇ ಅವರ ಮಡದಿ ಅಡಿಗೆಮನೆಯಿಂದ ಹೊರಗೆ ಬಂದರು. ಆಕೆ ಐದು ವರ್ಷಗಳ ಕಾಲ ತಿಂಗಳಿಗೆ ಎರಡು ಸಾವಿರದಂತೆ ಅಂಚೆ ಕಛೇರಿಯ ಆರ್.ಡಿ.ಗೆ ಕಟ್ಟಿದ ಹಣ ಬಡ್ಡಿ ಸೇರಿ ಒಂದು ಲಕ್ಷದ ನಲವತ್ತು ಸಾವಿರದಷ್ಟಾಗಿ ಕೈಗೆ ಬಂದಿತ್ತು. ಒಂದು ಜೊತೆ ಬಳೆ ಮಾಡಿಸಿಕೊಳ್ಳಬೇಕೆಂಬುದು ಆಕೆಯ ಆಸೆಯಾಗಿದ್ದಿತು.

"ಒಂದು ಲಕ್ಷದ ಇಪ್ಪತ್ತು ಸಾವಿರ. ಅದರ ಮೇಲೆ ಒಂದು ಪೈಸೆ ಕೇಳಬೇಡ," ಎಂದು ಮಗನಿಗೆ ಹೇಳಿ ಮತ್ತೆ ಒಳಗೆ ಹೋದರು. ಬಳೆಯ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ತಂದೆ ಮಗ ಇಬ್ಬರೂ ಮೆಟ್ರೋ ರೈಲಿನಲ್ಲಿ ಕೃಷ್ಣರಾಜ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಸಾದರ ಪತ್ರಪ್ಪ ರಸ್ತೆಗೆ ನಡೆದರು. ಎಸ್.ಪಿ. ರೋಡ್ ಎಂದು ಬೆಂಗಳೂರಿಗೆಲ್ಲ ಪರಿಚಿತವಾದ ಆ ಇಕ್ಕಟ್ಟಾದ ರಸ್ತೆಯಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ ಯಾವ ವಸ್ತು ಸಿಕ್ಕುವುದಿಲ್ಲ ಎಂದು ಹೇಳುವುದು ಕಷ್ಟ. ಒಂದು ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಕೇಳಿದ ಮೇಲೆ ರಾಯರಿಗೆ ಒಂದು ಸತ್ಯ ಹೊಳೆಯಿತು: ಲ್ಯಾಪ್‌ಟಾಪೇ ಬೇಡ, ಅದೇ ದುಡ್ಡಿಗೆ ಮೇಜಿನ ಮೇಲಿಡುವ ಡೆಸ್ಕ್‌ಟಾಪ್ ಕೊಂಡರೆ ಬಲ ಹೆಚ್ಚು.

ಅವರ ಮಾತು ಸುಳ್ಳಲ್ಲ. ಆಟದ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಬರೆಯುವ ಗ್ರಾಫಿಕ್ಸ್ ಚಿಪ್ಪೇ ಇಂತಹ ಯಂತ್ರದ ಜೀವ. ಎನ್ವಿಡಿಯಾ ಕಂಪನಿಯ 4070 ಎಂಬುದನ್ನು ತೆಗೆದುಕೊಂಡರೆ, ಡೆಸ್ಕ್‌ಟಾಪಿನಲ್ಲಿ ಅದಕ್ಕೆ 12 ಜಿಬಿ ಸ್ವಂತ ಮೆಮೊರಿ. ಲ್ಯಾಪ್‌ಟಾಪಿನಲ್ಲಿ ಅದೇ ಹೆಸರಿನ ಚಿಪ್ಪಿಗೆ 8 ಜಿಬಿ. ಅದೇ ಪೀಳಿಗೆಯ ಹಿರಿಯಣ್ಣನಾದ 4090ರಲ್ಲಿ ಅಂತರ ಇನ್ನೂ ದೊಡ್ಡದು: ಡೆಸ್ಕ್‌ಟಾಪಿನಲ್ಲಿ ಲೆಕ್ಕ ಮಾಡುವ ಕೋಶಗಳು 16,384, ಲ್ಯಾಪ್‌ಟಾಪಿನಲ್ಲಿ 9,728. ಹೆಸರು ಮಾತ್ರ ಒಂದೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟಮಾತ್ರಕ್ಕೆ ಅಜ್ಜನ ಮೈಕಟ್ಟು ಮೊಮ್ಮಗನಿಗೆ ಬರುವುದೇ?

ಮನೆಗೆ ಬಂದು ರಾಯರು ಇದನ್ನೆಲ್ಲ ಹೇಳಿದಾಗ ಮಡದಿಗೂ ಅದೇ ಸರಿಯೆನಿಸಿತು. ಹಜಾರದ ಮೂಲೆಯಲ್ಲಿ ಮೇಜು ಹಾಕಬಹುದು, ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿಗೆ ಸರಿಸಬಹುದು ಎಂದು ಆಕೆ ಸ್ಥಳವನ್ನೂ ಗೊತ್ತುಮಾಡಿದರು. ಮಗ ಸುಮ್ಮನೆ ಕೇಳುತ್ತಿದ್ದನು.

"ಇಬ್ಬರಿಗೆ ಒಂದು ರೂಮು, ಆಳಿಗೊಂದು ಸಣ್ಣ ಮೇಜು. ಅಲ್ಲಿಗೆ ಇದನ್ನೆಲ್ಲ ಹೇಗಪ್ಪ ಹೊತ್ಕೊಂಡು ಹೋಗಲಿ?" ಎಂದನು ಕಡೆಗೆ.

ಗಂಡ ಹೆಂಡಿರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹುಡುಗ ಹೊರಡುವುದು ಅವರಿಗೆ ತಿಳಿಯದ ಸಂಗತಿಯೇನಾಗಿರಲಿಲ್ಲ. ಶುಲ್ಕ ಕಟ್ಟಿದವರು ರಾಯರೇ. ಆದರೂ ಎರಡು ದಿನಗಳಿಂದ ಅವರು ವಿಚಾರಿಸುತ್ತಿದ್ದುದು ಮನೆಯಲ್ಲಿಯೇ ಉಳಿಯುವ ಯಂತ್ರವನ್ನು. ಆ ರಾತ್ರಿ ರಾಯರು ವಾರ್ತೆಯನ್ನೂ ಕೇಳದೆ ಮಲಗಿದರು.

ಮೂರು ದಿನ ಕಳೆದ ಮೇಲೆ ಎರಡನೆಯ ಯಾತ್ರೆ. ಈ ಸಲ ಬೇರೊಂದು ಅಂಗಡಿ. ಮಗನ ಕಣ್ಣು ಒಂದು ತೆಳುವಾದ ಲ್ಯಾಪ್‌ಟಾಪಿನ ಮೇಲೆ ನೆಟ್ಟಿತು; ತೂಕ ಎರಡು ಕಿಲೋಗಿಂತ ಕಡಿಮೆ, ಬೆಳ್ಳಿಯ ಬಣ್ಣ, ಬೆಲೆ 1,28,000. ಕೊರತೆ ಬಿದ್ದ ಎಂಟು ಸಾವಿರ ಅವನ ಸ್ವಂತ ಉಳಿತಾಯದಲ್ಲಿ ಇದ್ದಿತು. ಅದರ ಪಕ್ಕದಲ್ಲಿ ಕಪ್ಪಗೆ ದಪ್ಪಗೆ, ಹಳೆಯ ಕಾಲದ ಪಂಚಾಂಗಗಳನ್ನು ಒಟ್ಟಿಗೆ ಹೊಲಿದಂತಿದ್ದ ಮತ್ತೊಂದು. ಬೆಲೆ ತೆರಿಗೆ ಸೇರಿ 1,12,000. ಎರಡರ ಮೇಲೂ 4060 ಎಂದೇ ಚೀಟಿ.

"ಎರಡೂ ಒಂದೇ ಸಾರ್. ಇದು ಸ್ಲಿಮ್ಮು, ಅದಕ್ಕೇ ರೇಟು ಜಾಸ್ತಿ," ಎಂದನು ಅಂಗಡಿಯ ಹುಡುಗ.

"ಎಷ್ಟು ವ್ಯಾಟ್ ಎಳೆಯುತ್ತೆ?" ಎಂದು ರಾಯರು ಕೇಳಿದರು.

ಹುಡುಗ ಅಡಾಪ್ಟರನ್ನು ತಿರುಗಿಸಿ ತೋರಿಸಿದನು. "ಅದಲ್ಲಪ್ಪ. ಒಟ್ಟು ಲೋಡು ಕೇಳ್ತಾ ಇಲ್ಲ. ಆ ಗ್ರಾಫಿಕ್ಸ್ ಚಿಪ್ಪಿನ ಪಾಲಿಗೆ ಎಷ್ಟು ಬಿಡ್ತೀರಿ?"

ಮಗನು ತಂದೆಯತ್ತ ಬೆರಗಿನಿಂದ ನೋಡಿದನು. ತಿಂಗಳುಗಟ್ಟಲೆ ಅವನು ಚಿಪ್ಪುಗಳ ಹೆಸರು ನಂಬರುಗಳನ್ನು ಬಾಯಿಪಾಠ ಮಾಡಿದ್ದನು. ಈ ಪ್ರಶ್ನೆ ಅವನಿಗೆ ಹೊಳೆದಿರಲಿಲ್ಲ. ಹುಡುಗ ಒಳಗಿನಿಂದ ಹಿರಿಯ ಕೆಲಸಗಾರನೊಬ್ಬನನ್ನು ಕರೆದು ತಂದನು. ಅವನು ಒಂದು ಮಾತೂ ಆಡದೆ ಎರಡು ಯಂತ್ರಗಳಲ್ಲಿಯೂ ವಿವರದ ಪಟ್ಟಿಯನ್ನು ತೆರೆದು ಬೆರಳಿಟ್ಟು ತೋರಿಸಿದನು. ಬೆಳ್ಳಿಯದಕ್ಕೆ 65 ವ್ಯಾಟ್. ಕಪ್ಪನೆಯದಕ್ಕೆ 140.

ಲ್ಯಾಪ್‌ಟಾಪಿನ 4060ಕ್ಕೆ ಎಷ್ಟು ಆಹಾರ ಹಾಕಬೇಕೆಂಬುದನ್ನು ಯಂತ್ರ ಕಟ್ಟುವವರ ಇಚ್ಛೆಗೆ ಬಿಡಲಾಗಿದೆ. 35 ವ್ಯಾಟಿನಿಂದ 115ರವರೆಗೆ ಎಷ್ಟು ಬೇಕಾದರೂ ಆಗಬಹುದು. ಪ್ರೊಸೆಸರ್ ಬಿಡುವಾಗಿದ್ದಾಗ ಅದರ ಪಾಲಿನಿಂದ ಇನ್ನೂ 25 ಎರವಲು ಪಡೆಯಬಹುದು. ತೆಳುವಾದ ದೇಹದಲ್ಲಿ ಶಾಖ ಹೊರಹೋಗಲು ದಾರಿ ಸಾಲದು. ಆದುದರಿಂದ ಅಲ್ಲಿ ಚಿಪ್ಪಿಗೆ ಪಥ್ಯ. 2017ರಿಂದ ಕೆಲವು ವರ್ಷ ಇಂತಹ ಪಥ್ಯದ ಚಿಪ್ಪಿನ ಹೆಸರಿನ ಮುಂದೆ 'ಮ್ಯಾಕ್ಸ್-ಕ್ಯೂ' ಎಂಬ ಗುರುತು ಇರುತ್ತಿದ್ದಿತು. 2021ರ ಪೀಳಿಗೆಯಿಂದ ಹೆಸರಿನಲ್ಲಿ ಆ ಭೇದವೂ ಅಳಿಸಿತು. ಹಾಗೆಂದು ಎರಡರಷ್ಟು ವ್ಯಾಟಿಗೆ ಎರಡರಷ್ಟು ವೇಗವೆಂದು ತಿಳಿಯಬಾರದು. 4060ರ ಮಟ್ಟಿಗೆ ನೂರು ವ್ಯಾಟನ್ನು ದಾಟಿದ ಮೇಲೆ ಸಿಗುವ ಲಾಭ ಅಲ್ಪವೇ. ಆದರೆ ಅರವತ್ತೈದಕ್ಕೂ ನೂರಕ್ಕೂ ನಡುವಿನ ಅಂತರ ಆಡುವವನ ಕಣ್ಣಿಗೆ ಕಾಣುತ್ತದೆ.

ಹಸು ಮಾರುವವನು ಒಂದು ಹೊತ್ತು ಹಾಲು ಕರೆಯದೆ ಕೆಚ್ಚಲು ತುಂಬಿಸಿ ಸಂತೆಗೆ ತರುವುದುಂಟು. ಆದ್ದರಿಂದ ಎರಡರಲ್ಲಿಯೂ ಅರ್ಧ ಗಂಟೆ ಆಟ ನಡೆಸಿ ತೋರಿಸಬೇಕೆಂದು ರಾಯರು ಪಟ್ಟು ಹಿಡಿದರು. ಮೊದಲ ಐದು ನಿಮಿಷ ಎರಡೂ ಸಮಸಮವಾಗಿ ಓಡಿದವು. ಇಪ್ಪತ್ತು ನಿಮಿಷವಾಗುವ ವೇಳೆಗೆ ಬೆಳ್ಳಿಯ ಯಂತ್ರದ ಕೀಲಿಮಣೆ ಬೆರಳಿಡಲಾರದಷ್ಟು ಕಾದು, ಚಿತ್ರ ಮುಗ್ಗರಿಸತೊಡಗಿತು. ಕಪ್ಪನೆಯದು ಗಿರಣಿಯಂತೆ ಸದ್ದು ಮಾಡುತ್ತಿದ್ದರೂ ನಡಿಗೆ ತಪ್ಪಲಿಲ್ಲ. ತಂಪು ಯಂತ್ರ ಹಾಕಿದ ಅಂಗಡಿಯಲ್ಲಿಯೇ ಹೀಗಾದರೆ ಕಡಲ ತೀರದ ಸೆಕೆಯಲ್ಲಿ ಏನು ಗತಿ?

ಬ್ಯಾಟರಿಯ ವಿಷಯದಲ್ಲಿ ರಾಯರಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅದರ ಮೇಲೆ 90 ವ್ಯಾಟ್-ಅವರ್ ಎಂದು ಬರೆದಿತ್ತು. 180 ವ್ಯಾಟ್ ಎಳೆಯುವ ಆಟಕ್ಕೆ ಅದು ಅರ್ಧ ಗಂಟೆಯ ಸರಕು. ವಿಮಾನದಲ್ಲಿ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ ನೂರೇ ಆದುದರಿಂದ ಯಾರೂ ಇದಕ್ಕಿಂತ ಬಹಳ ದೊಡ್ಡದನ್ನು ಹಾಕುವುದಿಲ್ಲ. ಸಾಲದ್ದಕ್ಕೆ, ಪ್ಲಗ್ಗು ಕಿತ್ತೊಡನೆ ಯಂತ್ರವು ತಾನಾಗಿಯೇ ಬಲ ಕುಗ್ಗಿಸಿಕೊಳ್ಳುತ್ತದೆ. ತೊಡೆಯ ಮೇಲೆ ಇಡಲಾಗದ, ಗೋಡೆಯನ್ನು ಬಿಡಲಾಗದ ಈ ವಸ್ತುವಿಗೆ ಲ್ಯಾಪ್‌ಟಾಪೆಂದು ಏಕೆ ಹೆಸರಿಟ್ಟರೋ ಎಂದು ಅವರು ಗೊಣಗಿಕೊಂಡರು.

ಪರದೆಯ ವಿಚಾರ ಮಗನಿಗೆ ಬಿಟ್ಟದ್ದು. ಬೆಳ್ಳಿಯದರ ಪರದೆ 2560ಕ್ಕೆ 1600 ಚುಕ್ಕೆಗಳದು, ಬಹಳ ಸೊಗಸು. ಕಪ್ಪನೆಯದು 1920ಕ್ಕೆ 1080. ಆದರೆ ಮೊದಲನೆಯದರಲ್ಲಿ ಚಿಪ್ಪು ಪ್ರತಿ ಚಿತ್ರಕ್ಕೂ ಹೆಚ್ಚುಕಡಿಮೆ ಎರಡರಷ್ಟು ಚುಕ್ಕೆಗಳನ್ನು ಬರೆಯಬೇಕು. ಅರೆಹೊಟ್ಟೆಯ ಕೂಲಿಗೆ ಎರಡರಷ್ಟು ಕೆಲಸ! ಇನ್ನು ಕ್ಷಣಕ್ಕೆ 165 ಚಿತ್ರ ತೋರುವ ಸಾಮರ್ಥ್ಯ ಎರಡಕ್ಕೂ ಇದ್ದಿತು. ಹುಡುಗನ ಅಚ್ಚುಮೆಚ್ಚಿನ ಆಟವಾದ, 2022ರಲ್ಲಿ ಬಂದ 'ಎಲ್ಡನ್ ರಿಂಗ್' ಕ್ಷಣಕ್ಕೆ ಅರವತ್ತು ಚಿತ್ರಗಳ ಮೇಲೆ ಹೋಗುವುದೇ ಇಲ್ಲವೆಂಬುದನ್ನು ಅವನೇ ನಗುತ್ತ ಒಪ್ಪಿಕೊಂಡನು. ಬೆಳ್ಳಿಯ ಯಂತ್ರದ ಮುಚ್ಚಳವನ್ನು ಒಮ್ಮೆ ಸವರಿ ಕೆಳಗಿಟ್ಟನು.

"ಕಪ್ಪದನ್ನೇ ಕಟ್ಟಿಸಿ ಅಪ್ಪ," ಎಂದನು.

ಅದರಲ್ಲಿ 8 ಜಿಬಿಯ ಒಂದೇ ಮೆಮೊರಿ ಇದ್ದಿತು. ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಕಟ್ಟಿದಂತೆ. ಮೂರು ಸಾವಿರದೊಳಗೆ ಅಂತಹುದೇ ಇನ್ನೊಂದನ್ನು ಹಾಕಿಸಿದರು. ಉಳಿದ ಹಣವನ್ನು ತಾಯಿ ಎಣಿಸಿ ತೆಗೆದುಕೊಂಡು ಮಾರನೆಯ ದಿನವೇ ಹೊಸ ಆರ್.ಡಿ. ತೆರೆದರು.

ಅಂದು ರಾತ್ರಿ ಮಗ ಆಟಕ್ಕೆ ಕುಳಿತಾಗ ರಾಯರು ಜಗುಲಿಗೆ ಹೋಗಿ ಟಾರ್ಚು ಹಿಡಿದು ಮೀಟರಿನ ಎದುರು ನಿಂತರು. ಅವರ ಮೀಟರಿನಲ್ಲಿ ಯೂನಿಟ್ಟಿಗೆ 3200 ಮಿಣುಕು. ಗಡಿಯಾರ ಹಿಡಿದು ಎಣಿಸಿದರು. ಆಟ ನಿಲ್ಲಿಸಲು ಹೇಳಿ ಮತ್ತೆ ಎಣಿಸಿದರು. ನಿಮಿಷಕ್ಕೆ ಹತ್ತು ಮಿಣುಕಿನ ವ್ಯತ್ಯಾಸ.

"ನೂರ ಎಂಬತ್ತರ ಮೇಲೆ ಎಳೀತಿದೆ. ಸುಳ್ಳು ಹೇಳಿಲ್ಲ ಅವನು," ಎಂದು ತೃಪ್ತಿಯಿಂದ ಒಳಗೆ ಬಂದು, ಮಗನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತರು. ಪರದೆಯ ಮೇಲೆ ಕುದುರೆಯೇರಿದ ವೀರನೊಬ್ಬ ಮರಳಿ ಮರಳಿ ಸಾಯುತ್ತಿದ್ದನು. "ಏನೋ ಇದು, ಬರೀ ಸಾಯೋದೇ ಆಯಿತಲ್ಲ?" ಎಂದು ಕೇಳುತ್ತ ಹನ್ನೊಂದು ಗಂಟೆಯವರೆಗೆ ಎದ್ದೇ ಇದ್ದರು.

ಹುಡುಗ ಹೊರಟು ಹೋದ ನಾಲ್ಕನೆಯ ದಿನ ಸಂಜೆ ಫೋನ್ ಬಂದಿತು. ಊಟ ಪರವಾಗಿಲ್ಲ, ಸೆಕೆ ಬಹಳ, ಜೊತೆಯ ಹುಡುಗ ಹಾಸನದವನು. ಮಾತು ಮುಗಿಯುವ ಮುಂಚೆ, "ಚಾರ್ಜಿಗೆ ಹಾಕಿದಾಗ ಮುಚ್ಚಳ ಮುಟ್ಟಿದರೆ ಜುಮ್ ಅನ್ನುತ್ತೆ ಅಪ್ಪ," ಎಂದನು.

"ಅರ್ಥಿಂಗ್ ಇಲ್ಲ ಕಣೋ ಆ ಪ್ಲಗ್ಗಿನಲ್ಲಿ! ಮುಟ್ಟಬೇಡ!" ಎಂದು ರಾಯರು ಎದ್ದು ನಿಂತರು. ಅಲಮಾರಿನ ಮೇಲಿದ್ದ ಹಳೆಯ ಚರ್ಮದ ಚೀಲವನ್ನು ಇಳಿಸಿ, ಟೆಸ್ಟರು, ಇಕ್ಕಳ, ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪು ಎಲ್ಲವೂ ಇದೆಯೇ ಎಂದು ನೋಡಿದರು.

"ವಾರ್ಡನ್ನಿಗೆ ಹೇಳಿದರೆ ಅವರೇ ಮಾಡಿಸೋದಿಲ್ಲವೇ?" ಎಂದರು ಮಡದಿ.

"ಮಾಡಿಸ್ತಾರೆ, ಮುಂದಿನ ದೀಪಾವಳಿಗೆ! ರಾತ್ರಿ ಹತ್ತೂವರೆಗೆ ಬಸ್ಸಿದೆ."

ಆಕೆ ಮತ್ತೇನೂ ಅನ್ನದೆ, ಚಕ್ಕುಲಿಯ ಡಬ್ಬವನ್ನು ತುಂಬಿಸಲು ಒಳಗೆ ಹೋದರು.